ಧರ್ಮದೇಟು

ನಮ್ಮ ಮನೆಯಲ್ಲಿ ಪೇಪರ್ ಓದಿ ಹೇಳುವ ಕೆಲಸ ನನ್ನದಾಗಿತ್ತು. ರಾಯಚೂರಿನ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಮನೆಯಲ್ಲಿ ನಾವು ಮೂವರಿದ್ದೆವು. ಮೂವರಿಗೂ ಹುಟ್ಟಿದಾಗ ಗಂಡುಹೆಸರು ಇಟ್ಟಿದ್ದರು. ಮೂವರೂ ಹೆಣ್ಣಾಗಿ ಬದುಕುತ್ತಿದ್ದೆವು. ಹಿರಿಯಳನ್ನು ಅಮ್ಮ ಅನ್ನುತ್ತಿದ್ದೆವು. ನಡುವಿನವಳು ಅಕ್ಕ. ಅವಳು ಹೊಳೆದಂಡೆಯ ಗೂಗಲ್ ಊರಿನ ಕಡೆಯ ಒಂದು ಹಳ್ಳಿಯ ಕುರಿ ಕಾಯುವ ಮನೆತನದವಳು, ಬಲಿತ ಟಗರನ್ನು ಎರಡು ಕೈಯಲ್ಲಿ ಎತ್ತಿ ಬೇಲಿ ದಾಟಿಸಬಲ್ಲವಳು. ನಾನು ದೇವದುರ್ಗದವಳು. ಕೂಲಿಗೆ ಹೋಗುವ ಅಪ್ಪ ಅವ್ವನ ಮಕ್ಕಳಲ್ಲಿ ಪಿಯುಸಿ ಮುಗಿಸಿದವಳು ನಾನೊಬ್ಬಳೇ. ಹತ್ತೊಂಬತ್ತರ ವಯಸ್ಸಿನಲ್ಲಿ ತಂಗಿಯ ಲಂಗ ಉಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ ಅಪ್ಪನ ಕೈಗೆ ಸಿಕ್ಕೆ. ಎತ್ತಿಗೆ ಹೊಡೆಯುವ ಬಾರುಕೋಲಿನಿಂದ ಹೊಡೆದ. ಅವನ ತೋಳು ಸೋತಾಗ ಅಣ್ಣ ಮುಂದುವರಿಸಿದ. ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸು ಹತ್ತಿದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಸ್ ನಿಲ್ದಾಣದ ಮೂಲೆಯಲ್ಲಿ ಕೂತಿದ್ದ ನನ್ನನ್ನು ಅಕ್ಕ ನೋಡಿದಳು. ಯಾರು, ಯಾವೂರು ಎಂದು ಕೇಳಲಿಲ್ಲ. "ಎದ್ದು ಬಾ. ಮೊದಲ ಬೆನ್ನ ತೊಳೀಬೇಕು," ಅಂದಳು.

ಅಮ್ಮನಿಗೂ ಅಕ್ಕನಿಗೂ ಓದು ಬರುತ್ತಿರಲಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. ನಮ್ಮಂಥವರ ಸುದ್ದಿ ಇದ್ದ ದಿನ ನಾನು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗಲು ನೋಡುತ್ತಿದ್ದೆ. ಅಕ್ಕನಿಗೆ ತಿಳಿದುಬಿಡುತ್ತಿತ್ತು. "ನುಂಗಬ್ಯಾಡ, ಓದು," ಅನ್ನುತ್ತಿದ್ದಳು.

ಒಂದು ಸಲ ಮಾರುಕಟ್ಟೆಯ ಹತ್ತಿರ ಒಬ್ಬ ಹುಡುಗ ಅಮ್ಮನ ಕೈ ಹಿಡಿದು ಎಳೆದ. ಅವಳು ಕೈ ಕೊಡವಿದ್ದಕ್ಕೆ ಜೇಬಿನಿಂದ ಬ್ಲೇಡು ತೆಗೆದು ಕಿವಿಯಿಂದ ಗದ್ದದವರೆಗೆ ಕೆನ್ನೆ ಸೀಳಿದ. ಹದಿನೇಳು ಹೊಲಿಗೆ ಬಿದ್ದವು. ಎರಡು ದಿನದ ಮೇಲೆ ಪೇಪರಿನಲ್ಲಿ ಬಂತು: "ಮಂಗಳಮುಖಿಯರ ಕಾಟ: ಬೇಸತ್ತ ಯುವಕನಿಂದ ಹಲ್ಲೆ."

"ಬೇಸತ್ತ ಅಂದ್ರ ಏನಬೇ?" ಅಕ್ಕ ಕೇಳಿದಳು.

"ಅವನಿಗೆ ನಮ್ಮ ಕಾಟ ತಾಳಿ ತಾಳಿ ಸಾಕಾಗಿತ್ತಂತ."

"ಅವನ ಕೈಯಾಗ ಬ್ಲೇಡ್ ಇತ್ತಲ್ಲ, ಅದನ್ನ ಬರ್ದಾರೇನು?"

"ಇಲ್ಲ. ಸಣ್ಣಪುಟ್ಟ ಗಾಯ ಅಂತ ಅದ."

ಅಮ್ಮ ಕೆನ್ನೆಯ ಹೊಲಿಗೆಯಿಂದ ಬಾಯಿ ತೆರೆಯಲಾರದೆ, ಕೈಸನ್ನೆಯಲ್ಲಿ ಪೇಪರ್ ಮಡಚು ಅಂದಳು.

ಅಕ್ಕನ ವಿಷಯಕ್ಕೆ ಬರುತ್ತೇನೆ.

ವಾರಕ್ಕೊಮ್ಮೆ ಅಕ್ಕ ಮತ್ತು ನಾನು ಮಾನವಿಗೆ ಹೋಗಿ ಅಂಗಡಿಗಳ ಮುಂದೆ ಹರಸಿ, ಕೊಟ್ಟ ಕಾಸು ತರುತ್ತಿದ್ದೆವು. ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನಾಲ್ಕೈದು ವರ್ಷದ ಒಂದು ಹುಡುಗಿ ತಾಯಿಯ ಕೈ ತಪ್ಪಿ ಅಳುತ್ತ ನಿಂತಿತ್ತು. ಬಸ್ಸು ಹಿಂದಕ್ಕೆ ಬರುತ್ತಿತ್ತು. ಅಕ್ಕ ಓಡಿಹೋಗಿ ಅದನ್ನು ಎತ್ತಿಕೊಂಡಳು. ಬಿಸ್ಕೆಟ್ ಕೊಡಿಸಿ, ಕೈ ಹಿಡಿದುಕೊಂಡು, ವಿಚಾರಣೆಯ ಕಿಟಕಿಯ ಹತ್ತಿರ ಕರೆದೊಯ್ದಳು. ಮೈಕಿನಲ್ಲಿ ಕೂಗಿಸಿದ ಮೇಲೆ ತಾಯಿ ಓಡಿಬಂದಳು. ಮಗಳ ಬೆನ್ನಿಗೆ ಒಂದೇಟು ಹಾಕಿ, ಅಕ್ಕನಿಗೆ ಕೈ ಮುಗಿದು, ಬಸ್ಸು ಹತ್ತಿ ಹೋದಳು. ನಾವು ಅದನ್ನು ಅಲ್ಲೇ ಮರೆತೆವು.

ಮರುದಿನ ಸಂಜೆ ಓಣಿಯ ಚಹಾದಂಗಡಿಯ ಟಿವಿಯಲ್ಲಿ ಅಕ್ಕ ಕಾಣಿಸಿಕೊಂಡಳು. ಯಾರೋ ಮೊಬೈಲಿನಲ್ಲಿ ಹಿಡಿದದ್ದನ್ನು ಒಂದು ಲೋಕಲ್ ಚಾನೆಲ್ ಹಾಕಿತ್ತು. ಅಕ್ಕನ ಮುಖದ ಸುತ್ತ ಕೆಂಪು ವೃತ್ತ, ಮಗುವಿನ ಕೈಯಲ್ಲಿನ ಬಿಸ್ಕೆಟ್ಟಿನ ಸುತ್ತ ಇನ್ನೊಂದು. ಕೆಳಗೆ ದಪ್ಪ ಅಕ್ಷರದಲ್ಲಿ, "ಮಾನವಿಗೆ ಬಂದರೇ ಮಕ್ಕಳ ಕಳ್ಳಿಯರು?" ಅಕ್ಕ ಮಗುವನ್ನು ಎತ್ತಿಕೊಳ್ಳುವುದು, ಬಿಸ್ಕೆಟ್ ಕೊಡುವುದು, ಕೈ ಹಿಡಿದು ನಡೆಸುವುದು ಎಲ್ಲವೂ ಇತ್ತು. ಕಿಟಕಿ ಬರುವುದಕ್ಕೆ ಮೊದಲೇ ದೃಶ್ಯ ತುಂಡಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹಿಂದೆ ದೆವ್ವದ ಸಿನಿಮಾದ ಸಂಗೀತ. "ಹೆಣ್ಣಿನ ವೇಷದಲ್ಲಿ ಬರುತ್ತಾರೆ, ನಿಮ್ಮ ಮಕ್ಕಳು ಜೋಪಾನ," ಎಂದು ಒಂದು ಹೆಣ್ಣುದನಿ ಹೇಳುತ್ತಿತ್ತು.

ಅಂಗಡಿಯವನು ನಮ್ಮ ಮುಖ ನೋಡಿ ಚಾನೆಲ್ ಬದಲಿಸಿದ. ಅಕ್ಕ ನಕ್ಕಳು. "ಟಿವಿಯಾಗ ದಪ್ಪ ಕಾಣಾಕತ್ತೀನಿ," ಅಂದಳು.

ಅಮ್ಮ ನಗಲಿಲ್ಲ. ಎಂಟು ದಿನ ಮನೆ ಬಿಟ್ಟು ಹೋಗಕೂಡದು ಎಂದಳು. ಆದರೆ ಐದನೆಯ ದಿನ ಕಲ್ಲೂರಿನ ಆಚೆಯ ಒಂದು ಹಳ್ಳಿಯಿಂದ ಫೋನ್ ಬಂತು. ಆ ಊರಿನ ಒಬ್ಬ ಹೆಣ್ಣುಮಗಳು ಎರಡು ಸಲ ಗರ್ಭ ನಿಲ್ಲದೆ ನೊಂದಿದ್ದಳು. ಹಿಂದಿನ ವರ್ಷ ಮಾನವಿಯ ಸಂತೆಯಲ್ಲಿ ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದ್ದಳು. ಈಗ ಗಂಡುಮಗು ಹುಟ್ಟಿ ಮೂರು ತಿಂಗಳಾಗಿತ್ತು. ನಾಳೆ ತೊಟ್ಟಿಲಿಗೆ ಹಾಕುತ್ತೇವೆ, ನೀವು ಬಂದು ಕೂಸನ್ನು ಮುಟ್ಟಲೇಬೇಕು ಎಂದು ಅವಳೇ ಕರೆದಳು. ಅಮ್ಮನ ಮಾತು ಅಕ್ಕ ಕೇಳಲಿಲ್ಲ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಕೂಸಿನ ತಲೆಗೆ ಒಂದು ಸಣ್ಣ ಕುಲಾಯಿ ಕೊಂಡು ಹೊರಟಳು. ನಾನೂ ಹೋದೆ.

ಆ ಊರಿನ ಹೆಸರು ಬರೆಯುವುದಿಲ್ಲ. ಬಸ್ಸಿಳಿದು ಐದು ನಿಮಿಷ ನಡೆದರೆ ಊರ ಮುಂದಿನ ಕಟ್ಟೆ. ಹತ್ತು ಹನ್ನೆರಡು ಗಂಡಸರು ಕೂತಿದ್ದರು. ನಾವು ದಾಟಿ ಹೋದೆವು. ಹಿಂದಿನಿಂದ ಒಬ್ಬ, "ಲೇ, ಇಲ್ನೋಡ್ರಿ," ಅಂದ. ತಿರುಗಿದಾಗ ಅವನ ಕೈಯಲ್ಲಿ ಮೊಬೈಲ್ ಇತ್ತು. ಅದನ್ನು ನೋಡಿದ, ಅಕ್ಕನ ಮುಖ ನೋಡಿದ, ಮತ್ತೆ ಮೊಬೈಲ್ ನೋಡಿದ.

"ಟಿವಿಯಾಗ ಬಂದಾಕಿ ಇವಳಽ."

"ಯಪ್ಪಾ, ನಾವು ತೊಟ್ಟಿಲಿಗೆ ಬಂದೀವಿ. ಆ ಮನಿಯವರು ಕರ್ದಾರ," ಅಂದಳು ಅಕ್ಕ.

"ಚೀಲದಾಗ ಏನದ?"

ಚೀಲ ಕಸಿದು ಸುರಿದರು. ಕುಲಾಯಿ ಬಿತ್ತು. ಬಾಚಣಿಗೆ, ಕುಂಕುಮದ ಡಬ್ಬಿ, ಒಂದು ಪೊಟ್ಟಣ ಪೇಢೆ. ಒಬ್ಬ ಕುಲಾಯಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಯಾರ ಕೂಸಿಂದು ಲೇ ಇದು?" ಆ ಪ್ರಶ್ನೆಗೆ ಅಕ್ಕ ಉತ್ತರ ಹೇಳಲು ಬಾಯಿ ತೆರೆದಾಗ ಮೊದಲ ಏಟು ಬಿತ್ತು.

ನನಗೆ ನೆನಪಿರುವುದು ಕ್ರಮವಾಗಿಲ್ಲ. ಒಬ್ಬ ನನ್ನ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ನೆಲಕ್ಕೆ ಎಳೆದ. ಚಪ್ಪಲಿ, ಹತ್ತಿಕಟ್ಟಿಗೆ, ಆಮೇಲೆ ಟ್ರ್ಯಾಕ್ಟರಿನ ಕಬ್ಬಿಣದ ಸಲಾಕೆ. ಕಟ್ಟಿಗೆ ಮುರಿದರೆ ಇನ್ನೊಂದು ಬರುತ್ತಿತ್ತು. ನನ್ನ ದವಡೆಗೆ ಬಿದ್ದ ಏಟಿನ ಸದ್ದು ಹೊರಗಿನಿಂದ ಅಲ್ಲ, ತಲೆಯ ಒಳಗಿನಿಂದ ಕೇಳಿಸಿತು. ಬಾಯಿಯಲ್ಲಿ ಎರಡು ಹಲ್ಲು ಕಲ್ಲಿನಂತೆ ಸಿಕ್ಕವು. ಅಕ್ಕನನ್ನು ಕರೆಂಟಿನ ಕಂಬಕ್ಕೆ ಅವಳದೇ ಸೀರೆಯಿಂದ ಕಟ್ಟಿದರು. ಗಂಡೋ ಹೆಣ್ಣೋ ನೋಡೇಬಿಡೋಣ ಎಂದು ಲಂಗ ಹರಿದರು. ಅವಳು ಕಾಲು ಮಡಚಿಕೊಳ್ಳಲು ನೋಡಿದಳು. ಒಬ್ಬ ಮೊಣಕಾಲಿಗೆ ಸಲಾಕೆಯಿಂದ ಹೊಡೆದು ಬಿಡಿಸಿದ. ಎದುರಿಗೆ ನಾಲ್ಕೈದು ಮೊಬೈಲ್‌ಗಳು ಎತ್ತಿ ಹಿಡಿದಂತೆಯೇ ಇದ್ದವು. ಹೆಚ್ಚು ಹೊಡೆದವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಲದ ಕೆಲಸ ಮಾಡುವವನ ಮುಖದ ಹಾಗೆ ಇತ್ತು. ನಡುವೆ ನಿಂತು ಬೆವರು ಒರೆಸಿಕೊಂಡ, ನೀರು ಕುಡಿದ, ಮತ್ತೆ ಬಂದ.

ಕೂಸಿನ ತಾಯಿ ಓಡಿಬಂದಳು. ಬಾಣಂತಿಯ ಸ್ಕಾರ್ಫು ತಲೆಗೆ ಕಟ್ಟಿಕೊಂಡು, ಬರಿಗಾಲಲ್ಲಿ. "ನಾನ ಕರ್ದೀನಿ ಅವರನ್ನ. ನನ್ನ ಕೂಸಿಗೆ ಹರಸಾಕ ಕರ್ದೀನಿ, ಬಿಡ್ರಿ," ಎಂದು ಅಕ್ಕನಿಗೆ ಅಡ್ಡ ನಿಂತಳು.

"ನಿನಗ ಗೊತ್ತಿಲ್ಲ, ಬಾಜು ಸರಿ. ಟಿವಿಯಾಗ ತೋರಿಸ್ಯಾರ," ಅಂದ ಒಬ್ಬ.

"ಟಿವಿಯವರು ನೋಡ್ಯಾರೇನು? ನಾ ನೋಡೀನಿ ಈಕಿನ್ನ."

ಅವಳ ಗಂಡನೇ ಬಂದು ಅವಳ ಕಪಾಳಕ್ಕೆ ಹೊಡೆದು, ತೋಳು ಹಿಡಿದು ಎಳೆದುಕೊಂಡು ಹೋದ. ಅದಾದ ಮೇಲೆ ಯಾರೂ ಅಡ್ಡ ಬರಲಿಲ್ಲ. ಕಂಬದ ಹತ್ತಿರ ಅಕ್ಕ ಮೊದಲು ಕೂಗುತ್ತಿದ್ದಳು, ಆಮೇಲೆ ನರಳುತ್ತಿದ್ದಳು, ಕೊನೆಗೆ ಏಟು ಬಿದ್ದಾಗ ಮೈ ಅಲುಗಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಪೊಲೀಸ್ ಜೀಪು ಬಂದಾಗ ಜನ ದಾರಿ ಬಿಟ್ಟರು. ಒಬ್ಬ ಪೇದೆ ತನ್ನ ಟವೆಲ್ಲನ್ನು ಅಕ್ಕನ ಮೇಲೆ ಹಾಕಿದ.

ರಾಯಚೂರಿನ ಆಸ್ಪತ್ರೆಯಲ್ಲಿ ನನ್ನ ದವಡೆಗೆ ತಂತಿ ಹಾಕಿ ಬಿಗಿದರು, ಎಡಗೈಗೆ ಪ್ಲಾಸ್ಟರ್ ಹಾಕಿದರು. ಅಕ್ಕ ಬೇರೆ ವಾರ್ಡಿನಲ್ಲಿದ್ದಳು. ಮೂರನೆಯ ದಿನ ಅಮ್ಮ ಪೇಪರ್ ತಂದು ನನ್ನ ಎದೆಯ ಮೇಲಿಟ್ಟಳು. ನನಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ, ಅವಳಿಗೆ ಓದಲು ಬರುತ್ತಿರಲಿಲ್ಲ. ನಾನೊಬ್ಬಳೇ ಓದಿಕೊಂಡೆ. "ಮಕ್ಕಳ ಕಳ್ಳತನ ಶಂಕೆ: ಹೆಣ್ಣುವೇಷಧಾರಿಗಳಿಗೆ ಧರ್ಮದೇಟು." ಗ್ರಾಮಸ್ಥರು ಹಿಡಿದು ಧರ್ಮದೇಟು ನೀಡಿ ಪೊಲೀಸರಿಗೆ ಒಪ್ಪಿಸಿದ್ದಾರೆ ಎಂದಿತ್ತು. ಆ ಪದವನ್ನು ನಾನು ಎಷ್ಟೋ ಸಲ ಗಟ್ಟಿಯಾಗಿ ಓದಿದ್ದೆ. ಸರಗಳ್ಳನಿಗೆ, ಕುರಿ ಕದ್ದವನಿಗೆ. ನಾವು ಮೂವರೂ ನಕ್ಕದ್ದೂ ಉಂಟು. ಅಮ್ಮ ನನ್ನ ಕಣ್ಣು ನೋಡುತ್ತ ನಿಂತಿದ್ದಳು. ನಾನು ಪೇಪರ್ ಮಡಚಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಸತ್ತಳು.

ಮರುದಿನದ ಪೇಪರಿನಲ್ಲಿ ಅವಳ ಹಳೆಯ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಬಂದವು. "ಥಳಿತಕ್ಕೊಳಗಾಗಿದ್ದ ವ್ಯಕ್ತಿ ಸಾವು," ಎಂದಿತ್ತು. ಒಳಗೆ "ಮೃತನು" ಎಂದಿತ್ತು, "ಈತ" ಎಂದಿತ್ತು. ಅಮ್ಮ ಹೂವು, ಅರಿಸಿನ, ಹೊಸ ಸೀರೆ ತಂದಿಟ್ಟುಕೊಂಡಿದ್ದಳು. ಶವಾಗಾರದ ಮುಂದೆ ನಾವು ಕಾಗದಕ್ಕೆ ಕಾಯುತ್ತಿದ್ದಾಗ ಒಂದು ಟಂಟಂ ಆಟೋ ಬಂದು ನಿಂತಿತು. ಅಕ್ಕನ ಇಬ್ಬರು ಅಣ್ಣಂದಿರು, ನಾಲ್ಕೈದು ಸಂಬಂಧಿಕರು, ಒಳಗೆ ಮುದುಕಿ ತಾಯಿ. ಹದಿನಾಲ್ಕು ವರ್ಷ ಅವಳಿದ್ದಾಳೋ ಇಲ್ಲವೋ ಎಂದು ಕೇಳದ ಅಣ್ಣಂದಿರು. ದೊಡ್ಡವನ ಕೈಯಲ್ಲಿ ಆವತ್ತಿನ ಪೇಪರ್ ಇತ್ತು. ಅದನ್ನೂ ತನ್ನ ಆಧಾರ್ ಕಾರ್ಡನ್ನೂ ತೋರಿಸಿ, ಇವನು ನಮ್ಮ ತಮ್ಮ ಅಂದ.

ಅಮ್ಮ ಕೈ ಮುಗಿದಳು. "ಒಯ್ರಿ ಯಪ್ಪಾ, ನಿಮ್ಮ ರಕ್ತ. ಆದ್ರ ಸೀರಿ ಉಡಿಸಿ ಒಯ್ರಿ. ಆಕಿ ಹಂಗಽ ಇದ್ದಾಕಿ."

"ಪೇಪರ್‌ದಾಗ ಗಂಡಸು ಅಂತ ಬಂದದ. ಊರೆಲ್ಲ ಓದ್ಯದ. ಸೀರಿ ಉಡಿಸಿ ಒಯ್ದ್ರ ಮಾರಿ ಎಲ್ಲಿ ಇಟ್ಕೋಬೇಕು?"

ಅಂಗಳದಲ್ಲೇ, ಬೇವಿನ ಗಿಡದ ಕೆಳಗೆ, ಸ್ಟ್ರೆಚರಿನ ಮೇಲೆ ಕತ್ತರಿಯಿಂದ ಅವಳ ಕೂದಲು ಕತ್ತರಿಸಿದರು. ಕುರಿಯ ಉಣ್ಣೆ ಕತ್ತರಿಸಿ ರೂಢಿಯಿದ್ದ ಕೈ ಅವು, ಹೊತ್ತು ಹಿಡಿಯಲಿಲ್ಲ. ಅಮ್ಮ ಅಡ್ಡ ಹೋದಾಗ ಚಿಕ್ಕ ಅಣ್ಣ ಅವಳ ಎದೆಗೆ ಒದ್ದ. ಹಿಂದಕ್ಕೆ ಬಿದ್ದವಳ ಕೆನ್ನೆ ಕಲ್ಲಿಗೆ ತಾಗಿ ಹಳೆಯ ಗಾಯ ಬಿರಿದು ರಕ್ತ ಬಂತು. ಬಾತ ಮುಂಗೈಯಿಂದ ಉಳಿದಿದ್ದ ಬಳೆ ಹೊರಗೆ ಬರಲಿಲ್ಲ, ಕಲ್ಲಿನಿಂದ ಒಡೆದರು. ಆಗ ಟಂಟಂ ಒಳಗಿನಿಂದ ತಾಯಿ, "ಕೈಗೆ ಗಾಜು ಹತ್ತೀತು, ಸಾವಕಾಶ ಒಡೀರಿ," ಅಂದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ನನ್ನ ಪ್ಲಾಸ್ಟರಿನ ಕೈ ಮುಟ್ಟಿ, "ನೀ ಆಕಿ ಜೋಡಿ ಇದ್ದಾಕೇನು? ಉಣ್ಣಾಕ ತಿನ್ನಾಕ ಆಕಿಗೆ ಕಡಿಮಿ ಇರಲಿಲ್ಲಲ್ಲ?" ಎಂದು ಕೇಳಿದಳು. ಇರಲಿಲ್ಲ ಎಂದು ನಾನು ತಲೆಯಾಡಿಸಿದೆ. ಬಿಗಿದ ಬಾಯಿಯಿಂದ ಇನ್ನೇನನ್ನೂ ಹೇಳಲು ಆಗಲಿಲ್ಲ. ಬಿಳಿ ಪಂಚೆ ಉಡಿಸಿ ಅಕ್ಕನನ್ನು ಒಯ್ದರು. ಎಲ್ಲಿ ಮಣ್ಣು ಮಾಡಿದರೆಂದು ನಮಗೆ ಹೇಳಲಿಲ್ಲ.

ಅಕ್ಕನನ್ನು ಒಯ್ದ ಮೂರನೆಯ ದಿನಕ್ಕೆ, ನಾನು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಗ, ಅದೇ ಚಾನೆಲ್ಲಿನವರು ನಮ್ಮ ಓಣಿಗೆ ಬಂದರು. ಈಗ ಅವರಿಗೆ ನಮ್ಮ ಮೇಲೆ ಕನಿಕರ ಇತ್ತು. ಮೈಕು ಹಿಡಿದ ಹುಡುಗಿ ಅಮ್ಮನನ್ನು ಬಾಗಿಲಲ್ಲಿ ಕೂರಿಸಿ, ನಿಮಗೆ ಏನನಿಸುತ್ತಿದೆ ಎಂದು ಕೇಳಿದಳು. ಅಮ್ಮ ಅತ್ತಳು. ಕ್ಯಾಮೆರಾದವನು ಅದು ಸಾಲದೆಂಬಂತೆ, "ಒಂದ್ಸಲ ಚಪ್ಪಾಳಿ ತಟ್ರಿ. ನೀವು ಯಾರಂತ ಜನಕ್ಕ ತಿಳೀಬೇಕಲ್ಲ," ಅಂದ.

ನಾನು ಒಳಗಿನಿಂದ ಬಂದು ಪ್ಲಾಸ್ಟರಿನ ಕೈಯಿಂದ ಅವನ ಮುಖಕ್ಕೆ ಹೊಡೆದೆ. ಮೂಗಿನ ಎಲುಬು ಮುರಿದದ್ದು ನನ್ನ ಕೈಗೆ ತಿಳಿಯಿತು. ಕ್ಯಾಮೆರಾ ಕೆಳಗೆ ಬಿತ್ತು. ನಾನು ನಿಲ್ಲಿಸಲಿಲ್ಲ. ಅವನು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, "ಬ್ಯಾಡಕ್ಕ, ಬ್ಯಾಡಕ್ಕ," ಅನ್ನುತ್ತಿದ್ದ. ಒದ್ದೆ. ನಾಲ್ಕು ಸಲವೋ ಐದು ಸಲವೋ. ಓಣಿಯವರು ಹಿಡಿದುಕೊಂಡರು. ಅವನು ನಮ್ಮ ಮನೆಯ ಗೋಡೆಗೆ ಒರಗಿ ಕೂತು ರಕ್ತ ಉಗುಳುವುದನ್ನು ನೋಡಿದಾಗ ನನಗೆ ಸಮಾಧಾನವಾಯಿತು ಎಂದು ಬರೆಯಬೇಕು, ಯಾಕೆಂದರೆ ಆಯಿತು. ಎರಡು ದಿನ ಆದ ಮೇಲೆ ಅದು ಹೋಯಿತು. ಅವನೂ ಸಂಬಳಕ್ಕೆ ಹೇಳಿದ್ದು ಮಾಡುವವನು. ನನ್ನನ್ನು ಅಕ್ಕ ಎಂದು ಕರೆದ ಮೊದಲ ಪತ್ರಕರ್ತ ಅವನೇ, ಅದೂ ನಾನು ಒದೆಯುವಾಗ.

ಹೊಡೆದ ದಿನವೇ ಸಂಜೆ ಕೆಂಪು ವೃತ್ತ ನನ್ನ ಮುಖಕ್ಕೆ ಬಂತು. "ಮಾಧ್ಯಮದ ಮೇಲೆ ಮಂಗಳಮುಖಿ ಅಟ್ಟಹಾಸ." ನನ್ನ ಮೇಲೆ ಕೇಸಾಯಿತು. ಮನೆಯ ಮಾಲೀಕ ಜಾಗ ಬಿಡಿಸಿದ. ಊರಿನ ಆಚೆ, ಒಂದು ಹತ್ತಿ ಗಿರಣಿಯ ಹಿಂದೆ ತಗಡಿನ ಕೋಣೆ ಹಿಡಿದೆವು.

ದವಡೆಯ ತಂತಿ ಬಿಚ್ಚಿದ ವಾರ ನಾನು ಮಾನವಿಗೆ ಹೋದೆ. ಧರ್ಮದೇಟಿನ ಸುದ್ದಿ ಬರೆದ ಪೇಪರಿನ ವರದಿಗಾರ ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ನನ್ನನ್ನು ನೋಡಿ ಎದ್ದುನಿಂತ. ಹೊಡೆಯಲು ಬಂದಿದ್ದೇನೆ ಎಂದುಕೊಂಡಿರಬೇಕು. ಟೇಬಲಿನ ಮೇಲಿದ್ದ ಕತ್ತರಿಯನ್ನು ಮೆಲ್ಲಗೆ ಡ್ರಾಯರಿಗೆ ಹಾಕಿದ.

"ನೀವು ಆ ಊರಿಗೆ ಹೋಗಿದ್ರೇನ್ರಿ?" ನಾನು ಕೇಳಿದೆ.

"ಇಲ್ರಿ. ಸ್ಟೇಷನ್ನಿನವರು ಹೇಳಿದ್ದು ಬರ್ದೆ."

"ಧರ್ಮದೇಟು ಅಂತ ಅವರು ಹೇಳಿದ್ರೇನು?"

ಡ್ರಾಯರು ಮುಚ್ಚಿದ. "ಅದು ನಾ ಹಾಕಿದ್ದು. ಹಂಗ ಬರಿಯೋದು ರೂಢಿ ಅದ. ಕೈ ತಾನಽ ಬರೀತದ."

ನಾನು ಕೂತು, ಬಸ್ಸಿಳಿದಲ್ಲಿಂದ ಶವಾಗಾರದವರೆಗೆ ಎಲ್ಲವನ್ನೂ ಹೇಳಿದೆ. ದವಡೆ ನೋಯುತ್ತಿತ್ತು, ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಗಿರಾಕಿ ಬಂದರೆ ಅವನು ಆಮೇಲೆ ಬರ್ರಿ ಎಂದು ಕಳಿಸಿದ. ಕುಲಾಯಿಯ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿ ಬೀದಿ ನೋಡುತ್ತ ಕೂತ. ಅವನು ಬರೆದು ಕಳಿಸಿದ ಪೂರ್ತಿ ವರದಿಯನ್ನು ನನಗೆ ತೋರಿಸಿದ. ಅದರಲ್ಲಿ "ಮೃತೆ" ಎಂದಿತ್ತು. ಅಚ್ಚಾದದ್ದು ಒಳಪುಟದಲ್ಲಿ ಎಂಟು ಸಾಲು. ಮಗುವನ್ನು ತಾಯಿಗೆ ಒಪ್ಪಿಸಲಾಗಿತ್ತು ಎಂದು ತಿಳಿದುಬಂದಿದೆ ಎಂದಿತ್ತು. "ಮೃತೆ" ಹೋಗಿ "ಮೃತರು" ಆಗಿತ್ತು. ಫೋನ್ ಮಾಡಿ ಕೇಳಿದರೆ, "ದಾಖಲೆಯಾಗ ಗಂಡು ಅದ, ನಮಗ ಆಗಂಗಿಲ್ಲ ಅಂದ್ರು ಡೆಸ್ಕಿನವರು. ನಾ ಜಗಳ ಮಾಡೀನ್ರಿ," ಅಂದ. ಮಾಡಿರಬಹುದು.

ಕೇಸು ಕೋರ್ಟಿಗೆ ಬಂತು. ಎಂಟು ಜನರ ಮೇಲೆ ಆರೋಪ. ಸಾಕ್ಷಿ ಹೇಳಲು ಆ ಊರಿನಿಂದ ಯಾರೂ ಬರಲಿಲ್ಲ. ನಾವೇನೂ ನೋಡಿಲ್ಲ ಅಂದರು. ಅವರೇ ಹಿಡಿದಿದ್ದ ಮೊಬೈಲ್ ದೃಶ್ಯಗಳಲ್ಲಿ ಮೂವರ ಮುಖ ಮಾತ್ರ ನಿಚ್ಚಳವಾಗಿತ್ತು. ನಾನು ಕಟಕಟೆಯಲ್ಲಿ ನಿಂತಾಗ ಆರೋಪಿಗಳ ವಕೀಲ ಪೇಪರಿನ ತುಣುಕುಗಳನ್ನು ಒಂದೊಂದಾಗಿ ಓದಿದ. ಬಿಸ್ಕೆಟ್ ಕೊಟ್ಟದ್ದು ನಿಜವೋ ಸುಳ್ಳೋ ಅಂದ. ನಿಜ ಅಂದೆ. ಕ್ಯಾಮೆರಾದವನ ಮೂಗು ಮುರಿದದ್ದು ನಿಜವೋ ಸುಳ್ಳೋ ಅಂದ. ಅದೂ ನಿಜ ಅಂದೆ. ಹಾಗಾದರೆ ನಿಮ್ಮದು ಹೊಡೆದಾಡುವ ಸ್ವಭಾವ ಎಂದು ಕೂತ.

ಆಮೇಲೆ ಕೂಸಿನ ತಾಯಿ ಬಂದಳು. ಅವಳು ಬರುತ್ತಾಳೆಂದು ಸರ್ಕಾರಿ ವಕೀಲರೂ ನಂಬಿರಲಿಲ್ಲ. ಮೇಲ್ದುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚುವಷ್ಟು ಬಾತಿತ್ತು. ಹೋಗಬೇಡ ಎಂದು ಗಂಡ ಹಿಂದಿನ ದಿನ ಹೊಡೆದಿದ್ದ. ಕೂಸನ್ನು ಎತ್ತಿಕೊಂಡು ತವರಿಗೆ ಬಂದು, ಅಲ್ಲಿಂದ ತಮ್ಮನ ಜೊತೆ ಕೋರ್ಟಿಗೆ ಬಂದಿದ್ದಳು. ಗಟ್ಟಿಯಾಗಿ ಹೇಳು ಎಂದರು. ಹೇಳಿದಳು.

"ನಾನ ಕರ್ದಿದ್ದೆ. ನನ್ನ ಮನಿಗೆ ಬಂದ ಹೆಣ್ಮಗಳು ಆಕಿ. ಕಂಬಕ್ಕ ಕಟ್ಟಿದಾವ ಅವ, ಸಲಾಕಿ ಹಿಡ್ದಾವ ಇವ. ಅವ ನನ್ನ ಮೈದುನ."

ಮೈದುನ ತಲೆ ತಗ್ಗಿಸಿದ. ಅವಳು ತೋರಿಸಿದ ಕೈ ಇಳಿಸಲಿಲ್ಲ. ಜಡ್ಜು ಬರೆದುಕೊಳ್ಳುವವರೆಗೂ ತೋರಿಸುತ್ತಲೇ ನಿಂತಿದ್ದಳು.

ಮೂವರಿಗೆ ಶಿಕ್ಷೆಯಾಯಿತು, ಐವರು ಬಿಡುಗಡೆಯಾದರು. ಮೇಲಿನ ಕೋರ್ಟಿನಲ್ಲಿ ಅಪೀಲು ನಡೆದಿದೆ. ನನ್ನ ಮೇಲಿನ ಕೇಸಿಗೆ ನಾನು ಇನ್ನೂ ಹಾಜರಾಗುತ್ತೇನೆ. ಕ್ಯಾಮೆರಾದವನೂ ಬರುತ್ತಾನೆ. ಹೊರಗಿನ ಬೆಂಚಿನ ಎರಡು ತುದಿಯಲ್ಲಿ ಕೂರುತ್ತೇವೆ. ಹೋದ ಸಲ ತಪ್ಪಾಯಿತು ಅಂದೆ. ಅವನು ನನ್ನ ಕಡೆ ತಿರುಗದೆ, "ಉಸಿರಾಡಾಕ ಇನ್ನೂ ತ್ರಾಸ ಆಗ್ತದ," ಅಂದ.

ಕೂಸಿನ ತಾಯಿ ಗಂಡನ ಊರಿಗೆ ಮತ್ತೆ ಹೋಗಲಿಲ್ಲ. ಈಗ ಮಾನವಿಯ ತವರುಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಅಂಗಡಿಗಳ ಮುಂದೆ ಹರಸಲು ಹೋಗುವುದನ್ನು ನಾನು ಬಿಟ್ಟಿದ್ದೇನೆ. ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲಿ ಅವಳ ಹತ್ತಿರ ಹೋಗಿ ಬ್ಲೌಸಿಗೆ ಗುಂಡಿ, ಕಾಜಾ ಹಾಕುತ್ತೇನೆ. ಓಣಿಯ ಕೆಲವು ಹೆಂಗಸರು ನಾನಿರುವ ದಿನ ಬರುವುದಿಲ್ಲ. ಒಮ್ಮೆ ಯಾರೋ ಬಾಗಿಲಿಗೆ ಕಲ್ಲು ಎಸೆದರು. ಅವಳು ಹೊರಗೆ ಹೋಗಿ, ಕಲ್ಲು ಎತ್ತಿಕೊಂಡು ಬಂದು, ಗಾಳಿಗೆ ಹಾರುತ್ತಿದ್ದ ಬಟ್ಟೆಯ ಮೇಲಿಟ್ಟು, ಮತ್ತೆ ಮಷಿನ್ ತುಳಿಯತೊಡಗಿದಳು. ಚಳಿಗಾಲಕ್ಕೆ ನನ್ನ ದವಡೆ ಹಿಡಿದುಕೊಳ್ಳುತ್ತದೆ, ಜೋಳದ ರೊಟ್ಟಿ ಅಗಿಯಲು ಆಗುವುದಿಲ್ಲ. ಅವಳು ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ನೆನೆಹಾಕಿ ಕೊಡುತ್ತಾಳೆ. ನೆನೆಯುವವರೆಗೆ ಇಬ್ಬರೂ ಕೆಲಸ ಮಾಡುತ್ತೇವೆ.